ತಪ್ಪು ಮೇಡಂ ಅವರ ಹನ್ನೊಂದು ಗುರಿಗಳು

ತಪ್ಪು ಮೇಡಂ ಎನ್ನುವುದು ಮಕ್ಕಳು ಇಟ್ಟ ಹೆಸರು. ಹೊಸಬರು ಕೇಳಿದರೆ ಬೈಗುಳವೆಂದೇ ತಿಳಿಯಬೇಕು. ಆದರೆ ಇಪ್ಪತ್ತೇಳು ವರ್ಷ ರೇಖಾಗಣಿತ ಕಲಿಸಿದ ಆಕೆಗೆ ಆ ಹೆಸರಿನ ಮೇಲೆ ಒಳಗೊಳಗೇ ಹೆಮ್ಮೆಯಿತ್ತು. ಪ್ರತಿ ಪಾಠದಲ್ಲೂ ಬೇಕಂತಲೇ ಒಂದು ತಪ್ಪು ಹೇಳುವುದು ಆಕೆಯ ಪದ್ಧತಿ. ತ್ರಿಕೋನದ ಮೂರು ಕೋನ ಕೂಡಿದರೆ ನೂರ ತೊಂಬತ್ತು ಡಿಗ್ರಿ ಎಂದು ಗಂಭೀರವಾಗಿ ಬೋರ್ಡಿನ ಮೇಲೆ ಬರೆದು, ಏನೂ ಅರಿಯದವಳಂತೆ ಕಿಟಕಿಯ ಕಡೆ ನೋಡುತ್ತಾ ನಿಲ್ಲುತ್ತಿದ್ದಳು. ಕೊನೆಗೆ ಯಾವುದೋ ಬೆಂಚಿನಿಂದ ಒಂದು ಕೈ ಮೇಲೇಳುತ್ತಿತ್ತು. ತಪ್ಪು ಹಿಡಿದವರಿಗೆ ಚಾಕ್‌ಪೀಸು, ಬೋರ್ಡಿಗೆ ಬಂದು ಮೇಡಂ ಬರೆದದ್ದನ್ನು ಹೊಡೆದುಹಾಕುವ ಅಧಿಕಾರ. ಆ ಒಂದು ಚಾಕ್‌ಪೀಸಿಗಾಗಿ ಮಕ್ಕಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪಾಠ ಕೇಳುತ್ತಿದ್ದರು.

ಹೀಗಿರುವಾಗ, ಬೆಂಚು ಗೋಡೆಗಳಿಲ್ಲದೆಯೂ ಶಾಲೆ ನಡೆಸಬಹುದು, ದೂರದೂರಿನ ಮಕ್ಕಳನ್ನೂ ಸೇರಿಸಿಕೊಳ್ಳಬಹುದು ಎಂಬ ಜ್ಞಾನೋದಯ ಆಡಳಿತ ಮಂಡಳಿಗೆ ಆಯಿತು. ಹತ್ತನೇ ತರಗತಿ ಪೂರ್ತಿಯಾಗಿ ಪರದೆಗೆ ಏರಿತು. ಮೊದಲ ವಾರವೇ ಆಕೆ ಮೈಕ್ ಆಫ್ ಆಗಿದ್ದದ್ದು ತಿಳಿಯದೆ ಇಪ್ಪತ್ತು ನಿಮಿಷ ಪಾಠ ಮಾಡಿದಳು. ನಲವತ್ತು ಮಕ್ಕಳಲ್ಲಿ ಒಬ್ಬರೂ ಹೇಳಲಿಲ್ಲ. ಬಾಯಿ ಆಡಿಸುತ್ತಿದ್ದ ಮೇಡಂ ಚಿತ್ರ ಸಂಜೆಯೊಳಗೆ ಎಲ್ಲರ ಫೋನಿನಲ್ಲೂ ಓಡಾಡಿತು. ಮಕ್ಕಳ ಮನಸ್ಸು ಹೂವಿನಂಥದ್ದು ಎನ್ನುವವರನ್ನು ಆ ಇಪ್ಪತ್ತು ನಿಮಿಷ ಅಲ್ಲಿ ತಂದು ಕೂರಿಸಬೇಕಿತ್ತು.

ಮರುವಾರ ಮುಖ್ಯೋಪಾಧ್ಯಾಯಿನಿ ಎಲ್ಲರಿಗೂ ಒಂದು ಫಾರಂ ಹಂಚಿದರು. ಆನ್‌ಲೈನ್ ಬೋಧನೆಯಲ್ಲಿ ತಂತ್ರಜ್ಞಾನ ಬಳಸಲು ನನ್ನ ವೈಯಕ್ತಿಕ ಕಲಿಕಾ ಗುರಿಗಳು, ಎಂದು ಅದರ ತಲೆಬರಹ.

"ಮೂರು ತಿಂಗಳು ಟೈಮು. ಬರೆದ ಗುರಿ ಎಲ್ಲಾ ಮುಟ್ಟಬೇಕು. ಮುಟ್ಟದವರ ಕ್ಲಾಸು ಅವರ ಕೈಲಿ ಉಳಿಯಲ್ಲ, ಈಗಲೇ ಹೇಳಿಬಿಟ್ಟಿದೀನಿ," ಎಂದರು.

ಮಕ್ಕಳಿಲ್ಲದ ತಪ್ಪು ಮೇಡಂಗೆ ಹತ್ತನೇ ತರಗತಿಯೆಂದರೆ ಬರೀ ಕೆಲಸವಾಗಿರಲಿಲ್ಲ. ಏನೇ ಆಗಲಿ, ಅದೊಂದು ಕೈತಪ್ಪಬಾರದು ಎಂದುಕೊಂಡಳು.

ಪಕ್ಕದಲ್ಲಿ ಕೂತಿದ್ದ ಹಿಸ್ಟರಿ ಮೇಷ್ಟ್ರು ಗಾಳಿ ಬಂದ ಕಡೆ ತೂರಿಕೊಳ್ಳುವುದರಲ್ಲಿ ಎತ್ತಿದ ಕೈ. ಅವರು ಆಗಲೇ ಐದು ಗುರಿ ಬರೆದು ಮುಗಿಸಿದ್ದರು: ಲಾಗಿನ್ ಆಗುವುದು, ಕ್ಯಾಮೆರಾ ಹಾಕುವುದು, ಅಂಥವೇ.

"ಇದೆಲ್ಲ ನಿಮಗೆ ಬರುತ್ತಲ್ಲ ಮೇಷ್ಟ್ರೇ?"

"ಬರೋದನ್ನೇ ಬರೀಬೇಕು ಮೇಡಂ. ಮೂರು ತಿಂಗಳಾದ್ಮೇಲೆ ಕಲಿತೆ ಅಂತ ಟಿಕ್ ಹಾಕಿದ್ರೆ ಮುಗೀತು. ಬರದೇ ಇರೋದನ್ನ ಬರೆದುಕೊಟ್ಟು ಯಾರಾದ್ರೂ ತಾವಾಗೇ ತಗಲಾಕ್ಕೋತಾರಾ?"

ಆಕೆ ನಕ್ಕಳು. ನಕ್ಕು, ಬರದೇ ಇರುವುದನ್ನೇ ಬರೆದಳು. ಇಷ್ಟು ವರ್ಷ ಮಕ್ಕಳಿಗೆ ಗೊತ್ತಿಲ್ಲದ್ದನ್ನು ಮೊದಲು ಬರೆಯಿರಿ ಎಂದು ಹೇಳಿಕೊಟ್ಟವಳು, ಗುರಿ ಎಂದರೆ ಗುರಿಯೇ ಎಂದು ನಂಬಿಬಿಟ್ಟಳು. ಆ ಶಾಲೆಯಲ್ಲಿ ಅಂಥ ಪೆದ್ದು ಆಕೆಯೊಬ್ಬಳೇ. ಐದು ಸಾಲಿನ ಜಾಗ ಸಾಲದೆ ಇನ್ನೊಂದು ಹಾಳೆ ಅಂಟಿಸಿದಳು. ಒಟ್ಟು ಹನ್ನೊಂದು. ಮೈಕ್ ಆನ್ ಇದೆಯೇ ಎಂದು ನೋಡಿಕೊಳ್ಳುವುದು. ಪರದೆಯ ಮೇಲೆ ಬೆರಳಲ್ಲಿ ವೃತ್ತ ಬರೆಯುವುದು. ಪಾಠ ರೆಕಾರ್ಡ್ ಮಾಡಿ ಇಡುವುದು. ಏಳನೆಯದು ಮಾತ್ರ ಬೇರೆ ತರಹದ್ದು: ಮುಖ ಕಾಣದಿದ್ದರೂ ಆಚೆ ಕೂತ ಮಗುವಿಗೆ ಅರ್ಥವಾಗಿದೆಯೋ ಇಲ್ಲವೋ ತಿಳಿಯುವುದು.

ಕಲಿತಳು, ಹಟ ಹಿಡಿದು ಕಲಿತಳು. ಗಡಿಯಾರ ರಿಪೇರಿ ಮಾಡುವ ಗಂಡ ಅಡುಗೆಮನೆಯಲ್ಲಿ ಫೋನ್ ಹಿಡಿದು ವಿದ್ಯಾರ್ಥಿಯಾಗಿ ಕೂರಬೇಕಾಯಿತು.

"ರೀ, ವೃತ್ತ ಕಾಣಿಸ್ತಾ?"

"ಕಾಣಿಸ್ತಪ್ಪ. ಆಲೂಗಡ್ಡೆ ಥರ ಇದೆ."

ಎರಡನೇ ತಿಂಗಳ ಹೊತ್ತಿಗೆ ಆಲೂಗಡ್ಡೆ ವೃತ್ತವಾಯಿತು. ರೆಕಾರ್ಡ್ ಮಾಡುವುದಂತೂ ಆಕೆಗೆ ಎಷ್ಟು ಹಿಡಿಸಿತೆಂದರೆ, ವರ್ಷದ ಪಾಠವನ್ನೆಲ್ಲ ನಲವತ್ತೆರಡು ವಿಡಿಯೊ ಮಾಡಿ ಮುಗಿಸಿದಳು. ಹುಷಾರಿಲ್ಲದ ಮಕ್ಕಳು ಆಮೇಲೆ ನೋಡಿಕೊಳ್ಳಲಿ ಎಂಬ ಆಸೆ. ಅಭ್ಯಾಸಬಲದಿಂದ ಪ್ರತಿಯೊಂದರಲ್ಲೂ ಒಂದು ತಪ್ಪು ಹೇಳಿ, ಎದುರಿಗೆ ಮಕ್ಕಳಿದ್ದಾರೋ ಎಂಬಂತೆ ಕಾದು, "ಯಾರು ಹಿಡಿದ್ರಿ? ಬನ್ನಿ, ಚಾಕ್ ತಗೊಳ್ಳಿ," ಎಂದು ತಾನೇ ತಿದ್ದಿದಳು. ಕಂಪ್ಯೂಟರ್ ಟೀಚರು, ಕೆಲಸಕ್ಕೆ ಸೇರಿ ವರ್ಷವಾಗದ ಚುರುಕು ಹುಡುಗಿ, ವಿಡಿಯೊಗಳನ್ನೆಲ್ಲ ತೆಗೆದುಕೊಂಡು, "ನಾನು ನೀಟ್ ಮಾಡಿ ಹಾಕ್ತೀನಿ ಮೇಡಂ," ಎಂದಳು.

ಮೂರು ತಿಂಗಳಾದ ಮೇಲೆ ಸಭೆ. ಹಿಸ್ಟರಿ ಮೇಷ್ಟ್ರದು ಐದಕ್ಕೆ ಐದು, ಚಪ್ಪಾಳೆ. ಆಕೆಯದು ಹನ್ನೊಂದಕ್ಕೆ ಹತ್ತು. ಏಳನೆಯದರ ಮುಂದೆ ತನ್ನ ಕೈಯಾರೆ 'ಸಾಧ್ಯವಾಗಲಿಲ್ಲ' ಎಂದು ಬರೆದಿದ್ದಳು.

"ಮಗುವಿಗೆ ಅರ್ಥ ಆಗಿದ್ಯೋ ಇಲ್ವೋ ಅನ್ನೋದೇ ತಿಳಿಯಲ್ಲ ಅಂತ ನೀವೇ ಬರ್ಕೊಟ್ಟಿದೀರಲ್ಲ ಮೇಡಂ. ನಾಳೆ ಪೋಷಕರ ಕಣ್ಣಿಗೆ ಬಿದ್ರೆ ನಾನೇನ್ ಉತ್ತರ ಕೊಡ್ಲಿ?" ಎಂದರು ಮುಖ್ಯೋಪಾಧ್ಯಾಯಿನಿ.

"ಅದು ಯಾರಿಗೂ ತಿಳಿಯಲ್ಲ ಮೇಡಂ. ನಾನು ಬರೆದೆ, ಅಷ್ಟೇ."

ಯಾರೋ ಕಿಸಕ್ಕನೆ ನಕ್ಕರು. ಮುಖ್ಯೋಪಾಧ್ಯಾಯಿನಿ ಫಾರಂ ಮಡಚಿದರು. ಹತ್ತನೇ ತರಗತಿ ಆಕೆಯ ಕೈಯಿಂದ ಹೋಯಿತು. ಆದರೆ ಅವರು ಅಷ್ಟಕ್ಕೇ ಬಿಡಲಿಲ್ಲ. ಜೇನು ಸುರಿಸುವ ದನಿಯಲ್ಲಿ ಹೇಳಿದರು: "ಬೇಜಾರು ಮಾಡ್ಕೋಬೇಡಿ. ಪಾಠ ನಿಮ್ಮದೇ ಇರುತ್ತೆ. ನಲವತ್ತೆರಡು ವಿಡಿಯೊ ಮಾಡಿಟ್ಟಿದೀರಲ್ಲ, ಅದನ್ನೇ ಹಾಕ್ತೀವಿ. ನೀವು ಹಾಯಾಗಿ ಹಾಜರಿ ನೋಡ್ಕೊಳ್ಳಿ."

ತನ್ನನ್ನು ಕಡಿಯುವ ಕತ್ತಿಯನ್ನು ತಾನೇ ಮಸೆದುಕೊಟ್ಟಿದ್ದೇನೆಂದು ಆಕೆಗೆ ಆಗ ಹೊಳೆಯಿತು. ಹಿಸ್ಟರಿ ಮೇಷ್ಟ್ರು ತಮ್ಮ ಬೂಟು ನೋಡುತ್ತಾ ಕೂತಿದ್ದರು.

ಹಾಜರಿ ಹಾಕುವವರಿಗೆ ಮೈಕ್ ಇಲ್ಲ, ಕ್ಯಾಮೆರಾ ಇಲ್ಲ. ಮಕ್ಕಳು ಏನಾದರೂ ಬರೆದು ಕೇಳಿದರೆ ಉತ್ತರ ಬರೆಯಬಹುದು, ಅಷ್ಟೇ. ಆಕೆಯ ಹೆಸರಿದ್ದ ಜಾಗದಲ್ಲಿ 'ಹಾಜರಿ' ಎಂದಷ್ಟೇ ಕಾಣುತ್ತಿತ್ತು. ಮೊದಲ ದಿನ ತನ್ನ ಪಾಠವನ್ನು ತಾನೇ ನೋಡುತ್ತಾ ಕೂತಳು. ಎಂಟನೇ ನಿಮಿಷಕ್ಕೆ ಪರದೆಯ ಮೇಡಂ ತಪ್ಪು ಹೇಳಿದಳು. ಕಾಯಲಿಲ್ಲ, ಚಾಕ್ ಕೊಡಲಿಲ್ಲ, ತಿದ್ದಲೂ ಇಲ್ಲ. ನಗುನಗುತ್ತಾ ಮುಂದಿನ ಲೆಕ್ಕಕ್ಕೆ ಹೋದಳು.

ಪಾಠ ಮುಗಿದದ್ದೇ ಆಕೆ ಕಂಪ್ಯೂಟರ್ ಕೋಣೆಗೆ ಓಡಿದಳು.

"ಒಂದು ವಿಡಿಯೊ ಹನ್ನೆರಡು ನಿಮಿಷ ದಾಟಬಾರದು ಅಂತ ಆರ್ಡರ್ ಮೇಡಂ," ಎಂದಳು ಹುಡುಗಿ. "ನೀವು ಸುಮ್ಮನೆ ನಿಂತಿದ್ದು, ಆಮೇಲೆ ಚಾಕ್, ಬನ್ನಿ, ತಗೊಳ್ಳಿ ಅಂತ ಹರಟೆ ಹೊಡೆದದ್ದು ಎಲ್ಲ ತೆಗೆದುಬಿಟ್ಟೆ. ಈಗ ಎಷ್ಟು ನೀಟಾಗಿದೆ ನೋಡಿ!"

"ಎಲ್ಲದರಲ್ಲೂ ತೆಗೆದ್ಯಾ?"

"ನಲವತ್ತೆರಡರಲ್ಲೂ," ಎಂದಳು ಹುಡುಗಿ. ಕೆಲಸ ಬಾಕಿ ಇಡುವವಳಲ್ಲ.

ಆಕೆ ಮುಖ್ಯೋಪಾಧ್ಯಾಯಿನಿಯ ಮೇಜಿನ ಮುಂದೆ ನಿಂತು ಎಲ್ಲ ಹೇಳಿದಳು. ಅವರು ಕೇಳಿಸಿಕೊಂಡರು.

"ಅಂದ್ರೆ ಇಷ್ಟು ವರ್ಷ ಮಕ್ಕಳಿಗೆ ಬೇಕಂತ ತಪ್ಪು ಹೇಳ್ಕೊಡ್ತಿದ್ರಾ ನೀವು?"

"ಹಿಡೀಲಿ ಅಂತ ಮೇಡಂ."

"ಈಗ್ಲೂ ಹಿಡೀಲಿ ಬಿಡಿ. ಪೋಷಕರಿಂದ ಒಂದೂ ದೂರಿಲ್ಲ. ಪರೀಕ್ಷೆ ಆದ್ಮೇಲೆ ನೋಡೋಣ."

ಈಗ ಆಕೆಗೆ ಉಳಿದದ್ದು ಒಂದೇ ಆಸೆ, ಒಂದಾದರೂ ಮಗು ಹಿಡಿಯಲಿ. ಹಾಜರಿ ಹಾಕುತ್ತಾ ದಿನವೂ ಕಾದಳು. ಹದಿನಾರು ಪಾಠ ಕಳೆದವು, ಹದಿನಾರು ತಪ್ಪು ನಲವತ್ತು ನೋಟ್‌ಬುಕ್ ಸೇರಿದವು. ಎದುರಿಗೆ ನಿಂತ ಮೇಡಂ ತಪ್ಪಬಹುದು. ವಿಡಿಯೊದಲ್ಲಿರುವ ಮೇಡಂ ತಪ್ಪುತ್ತಾಳೆಂದು ಮಕ್ಕಳಿಗೆ ಅನ್ನಿಸುವುದಾದರೂ ಹೇಗೆ?

ಹದಿನೇಳನೆಯದು ವೃತ್ತದ ಪಾಠ. ಕೇಂದ್ರದಲ್ಲಿರುವ ಕೋನ ಪರಿಧಿಯಲ್ಲಿರುವ ಕೋನದ ಅರ್ಧ, ಎಂದಳು ಪರದೆಯ ಮೇಡಂ. ಪರದೆಯ ಕೆಳಗೆ ಒಂದು ಸಾಲು ಮೂಡಿತು. ಯಾವತ್ತೂ ತುಟಿ ಬಿಚ್ಚದ ಹುಡುಗಿಯೊಬ್ಬಳು ಬರೆದಿದ್ದಳು: "ಮೇಡಂ, ಎರಡರಷ್ಟು ಅಲ್ವಾ?"

ಆಕೆಗೆ ಕಣ್ಣು ತುಂಬಿ ಬಂತು. ತಕ್ಷಣ ಟೈಪ್ ಮಾಡಿದಳು: "ಹೌದು ಮಗಳೇ, ನೀನೇ ಸರಿ. ಎರಡರಷ್ಟು."

"ಹಾಜರಿ ಅಂದ್ರೆ ಯಾರು?" ಎಂದು ಒಬ್ಬ ಕೇಳಿದ.

"ಅರ್ಧ ಅಂತ ಮೇಡಂ ಈಗ ತಾನೇ ಹೇಳಿದ್ರು. ಕಿವಿ ಕೇಳಿಸಲ್ವಾ?" ಇನ್ನೊಬ್ಬ.

"ನಾನೇ ನಿಮ್ಮ ಮೇಡಂ," ಎಂದು ಆಕೆ ಬರೆದಳು.

ಹಲ್ಲು ಕಿರಿಯುವ ಹಳದಿ ಮುಖಗಳು ಒಂದರ ಮೇಲೊಂದು ಸುರಿದವು. ಮೇಡಂ ಅಲ್ಲಿ ಪಾಠ ಮಾಡ್ತಿದ್ದಾರೆ, ನೀವು ಯಾವ ಮೇಡಂ, ಮಧ್ಯೆ ಬಾಯಿ ಹಾಕ್ಬೇಡಿ, ಎಂದೆಲ್ಲ ಬರೆದರು. ಆ ಗದ್ದಲದ ನಡುವೆ ಹುಡುಗಿ ಪರದೆಯ ಮೇಡಂಗೆ ಬರೆದಳು: "ಸಾರಿ ಮೇಡಂ, ನಂದೇ ತಪ್ಪು. ಅರ್ಧ."

ಹುಡುಗಿಯ ಮನೆಗೆ ಫೋನ್ ಮಾಡೋಣವೆಂದು ಆಕೆ ನಂಬರು ಹುಡುಕಿದಳು. ಹಾಜರಿ ಹಾಕುವವರಿಗೆ ಮಕ್ಕಳ ನಂಬರು ಕಾಣಿಸುವುದಿಲ್ಲ. ಹನ್ನೆರಡನೇ ನಿಮಿಷಕ್ಕೆ ಪಾಠ ಮುಗಿಯಿತು. ಆಕೆ ಪಟ್ಟಿಯಲ್ಲಿ ನಲವತ್ತಕ್ಕೆ ನಲವತ್ತು ಹಾಜರಿ ಹಾಕಿ ಕಳಿಸಿದಳು.