ಗುಂಡಿಗೆ ಹಾಕದೇ ಉಳಿದ ಕಲ್ಲು

ಇವತ್ತು ಮೊಮ್ಮಗಳು ಎರಡು ಬೆಣಚುಕಲ್ಲು ಉಜ್ಜಿ ಕಿಡಿ ಹಾರಿಸಿದಳು. ಆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಚಿಕ್ಕಂದಿನ ನಮ್ಮೂರು ಶಾಗ್ಯದ ಕೆಮ್ಮಣ್ಣಿನ ದಿಬ್ಬದ ಮೇಲಿದ್ದೆ.

ಮೊದಲ ಮಳೆ ಬಿದ್ದ ಮಾರನೆಯ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಳೆಯುವ ಕಲ್ಲು ಅಗೆಯಲು ಹೋಗುತ್ತಿದ್ದೆವು. ಅಪ್ಪ ಗುದ್ದಲಿ ಹಾಕಿದರೆ ನಾವು ಮಣ್ಣು ಕೆದಕುತ್ತಿದ್ದೆವು. ಮೊದಲು ಸಿಕ್ಕ ಕಲ್ಲನ್ನು ಮಾತ್ರ ಅಜ್ಜಿ ಸೆರಗಿನಲ್ಲಿ ಒರೆಸಿ, ಕಣ್ಣಿಗೊತ್ತಿಕೊಂಡು, ಭೂಮಿತಾಯಿಗೆಂದು ಮತ್ತೆ ಗುಂಡಿಗೇ ಹಾಕಿಸುತ್ತಿದ್ದಳು.

ಒಂದು ವರ್ಷ ಆ ಮೊದಲ ಕಲ್ಲು ನನಗೆ ಸಿಕ್ಕಿತು. ಆರು ಮೂಲೆಯ, ತಿಳಿನೀರಿನಂಥ ಕಲ್ಲು.

"ನೀನೇ ಮುಚ್ಚು ಕೂಸೇ," ಎಂದಳು ಅಜ್ಜಿ.

ನಾನು ಅದನ್ನು ಲಂಗದ ಸೊಂಟಕ್ಕೆ ಸಿಕ್ಕಿಸಿಕೊಂಡು, ಗುಂಡಿಗೆ ನೊರಜುಗಲ್ಲು ಹಾಕಿ ಮಣ್ಣೆಳೆದೆ.

ಸಂಜೆಯವರೆಗೆ ಅಗೆದರೂ ಇನ್ನೊಂದು ಸಿಗಲಿಲ್ಲ. ಅಪ್ಪನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

"ನಾನೇ ಏನೋ ತಪ್ಪು ಮಾಡಿವ್ನಿ ಕಣ್ಲಾ, ತಾಯಿ ಮುನಿಸ್ಕಂಡವ್ಳೆ," ಎಂದು ಅಪ್ಪನಿಗೆ ಹೇಳಿ, ಅಜ್ಜಿ ಆ ಗುಂಡಿಯ ಮುಂದೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. ಪಕ್ಕದಲ್ಲೇ ನಿಂತಿದ್ದ ನಾನು ಸೊಂಟದ ಕಲ್ಲನ್ನು ಇನ್ನೂ ಒಳಕ್ಕೆ ತಳ್ಳಿಕೊಂಡೆ. ಆಮೇಲೆ ಅವಳು ಕಲ್ಲು ಅಗೆಯಲು ಬರಲೇ ಇಲ್ಲ.

ಇವತ್ತು ಉಜ್ಜಲು ಇನ್ನೊಂದು ಕಲ್ಲು ಹುಡುಕುತ್ತಾ ಮೊಮ್ಮಗಳು ನನ್ನ ಬೀರುವಿನಿಂದ ಆ ಆರು ಮೂಲೆಯ ಕಲ್ಲನ್ನೇ ತಂದಳು.

"ಇದೆಲ್ಲಿ ಸಿಕ್ತಜ್ಜಿ?"

"ನಮ್ಮಜ್ಜಿ ಕೊಟ್ಟಿದ್ದು," ಅಂದುಬಿಟ್ಟೆ.