ತೋಟದಲ್ಲಿ ಜಾರಿಬಿದ್ದೆ ಅಂದೆ

ಊರ ಊಟಗಳಲ್ಲಿ ಪಾಯಸದ ಬಕೆಟ್ಟು ಯಾವಾಗಲೂ ನನ್ನದೇ. ಕಿಗ್ಗದಿಂದ ಹರಿಹರಪುರದವರೆಗೆ ಯಾರ ಮನೆಯ ಮದುವೆಯಿರಲಿ, ಪಂಚೆ ಎತ್ತಿಕಟ್ಟಿ, ನೆಲದ ಮೇಲೆ ಕೂತ ಪಂಕ್ತಿಯ ಮುಂದೆ ಬಗ್ಗಿಕೊಂಡೇ ಓಡುತ್ತಿದ್ದೆ. ಬೇಡ ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದವರ ಬೆರಳ ಸಂದಿಯಲ್ಲೂ ಒಂದು ಸೌಟು ಬಿಡುವ ತಂಟೆಕೋರ ನಾನು. ನಮ್ಮಲ್ಲಿ ಬಡಿಸಲು ನಿಲ್ಲುವವರು ಅಕ್ಕಪಕ್ಕದ ಮನೆಯವರೇ.

ಕೆಲವು ವರ್ಷಗಳ ಹಿಂದೆ ಹರಿಹರಪುರದ ತಿರುವಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಒಂದು ಕಾರು ರಸ್ತೆ ಬಿಟ್ಟು ಬಂದು ನನ್ನ ಬಲ ಮಂಡಿಗೆ ಗುದ್ದಿತು. ಇಳಿದವರು ನಮ್ಮ ಪಕ್ಕದ ಮನೆಯವರು. ನನಗಿಂತ ಅವರೇ ಹೆಚ್ಚು ಹೆದರಿದ್ದರು. ಅದೇ ಕಾರಿನಲ್ಲಿ ಕೊಪ್ಪದ ಆಸ್ಪತ್ರೆಗೆ ಕರೆದೊಯ್ದರು. ಏನಾಯಿತೆಂದು ವೈದ್ಯರು ಕೇಳಿದಾಗ, ಅವರು ಬಾಯಿ ತೆರೆಯುವ ಮೊದಲೇ ನಾನು, "ತೋಟದಲ್ಲಿ ಜಾರಿಬಿದ್ದೆ" ಅಂದೆ. ಯಾರೂ ಹೇಳಿಕೊಟ್ಟದ್ದಲ್ಲ. ನಾಳೆ ಅವರ ಮನೆಯಲ್ಲಿ ಬಡಿಸಬೇಕಾದವನು ಇವತ್ತು ಅವರನ್ನು ಠಾಣೆಯ ಮೆಟ್ಟಿಲು ಹತ್ತಿಸುವುದು ಹೇಗೆ? ದೊಡ್ಡ ಮನುಷ್ಯನಾದೆನೆಂಬ ಜಂಬವೂ ಇತ್ತೆನ್ನಿ.

ಆಮೇಲೆ ಮಂಡಿ ಮಡಚಲು ಬರಲೇ ಇಲ್ಲ. ದೊಡ್ಡ ಆಪರೇಷನ್ ಆದರೆ ಮತ್ತೆ ಬಗ್ಗಬಹುದು ಎಂದರು ಮಂಗಳೂರಿನ ವೈದ್ಯರು. ಅದರ ಖರ್ಚು ನನ್ನ ಕೈಗೆಟುಕುವ ಮಾತಲ್ಲ. ಪರಿಹಾರ ಸಿಗಬಹುದೇನೋ ಎಂದು ನರಸಿಂಹರಾಜಪುರದ ವಕೀಲರೊಬ್ಬರ ಬಳಿ ಹೋದೆ.

"ಎಂಥ ಕೆಲಸ ಮಾಡಿಟ್ರಿ ಮಾರಾಯ್ರೆ!" ಎಂದರು ಅವರು. "ಕಾರಿಗೆ ಇನ್ಶೂರೆನ್ಸ್ ಇತ್ತಲ್ಲ. ಕೊಡೋದು ಕಂಪನಿ. ನಿಮ್ಮ ಪಕ್ಕದ ಮನೆಯವ್ರ ಕೈಯಿಂದ ಬಿಡಿಗಾಸೂ ಹೋಗ್ತಿರ್ಲಿಲ್ಲ. ಆಸ್ಪತ್ರೆ ಕಾಗದದಲ್ಲಿ ತೋಟದಲ್ಲಿ ಜಾರಿಬಿದ್ದದ್ದು ಅಂತಿದೆ, ಈಗ ಕಾರು ಗುದ್ದಿದ್ದು ಅಂದ್ರೆ ಯಾರು ನಂಬ್ತಾರೆ?"

"ಗುದ್ದಿದವ್ರೇ ಬಂದು ಹೇಳ್ತಾರಂತೆ."

"ಇಬ್ರೂ ಸೇರಿ ಕಥೆ ಕಟ್ಟಿದ್ದು ಅಂತಾರೆ ಕಂಪನಿಯವ್ರು."

ಅಂಥ ಅಪಾಯವೇನೂ ಇಲ್ಲದವರನ್ನು ಕಾಪಾಡಲು ಹೋಗಿ ನನ್ನ ಕಾಲು ಕೊಟ್ಟು ಬಂದಿದ್ದೆ.

ಈ ಬೇಸಿಗೆಯಲ್ಲಿ ಆ ಪಕ್ಕದ ಮನೆಯವರ ಮಗಳ ಮದುವೆಯಾಯಿತು. ನನಗೆ ಮೂಲೆಯಲ್ಲೊಂದು ಕುರ್ಚಿ, ಮೇಜು. ಬಡಿಸುವವರು ಸುಮ್ಮನೆ ಹಾಕಿಕೊಂಡು ಹೋಗುತ್ತಿದ್ದರು, ಒತ್ತಾಯವಿಲ್ಲ, ಕೀಟಲೆಯಿಲ್ಲ. ನನಗೆ ಹೊಟ್ಟೆ ಉರಿಯಿತು. ಒಂದೇ ಒಂದು ಸಲ ಆ ಸಾಲಿನ ಮುಂದೆ ಓಡಬೇಕೆಂದು ಜೀವ ಚಡಪಡಿಸಿತು. ಅಷ್ಟರಲ್ಲಿ ಪಾಯಸ ಬಂತು. ಮದುಮಗಳ ಅಪ್ಪನೇ ಬಕೆಟ್ಟು ಹಿಡಿದು, ಪಂಕ್ತಿಯನ್ನು ಬಿಟ್ಟು ಮೊದಲು ನನ್ನ ಹತ್ತಿರ ಬಂದರು. ನಾನು ಎಲೆಗೆ ಕೈ ಅಡ್ಡ ಹಿಡಿದೆ.

"ಒಂದೇ ಸೌಟು ಮಾರಾಯ."

"ಪಾಯಸ ಬೇಡ. ಆ ಬಕೆಟ್ ಕೊಡಿ" ಅಂದೆ.

ಅವರು ನನ್ನ ಮುಖ ನೋಡಿದರು, ಬಕೆಟ್ಟನ್ನು ಕೊಟ್ಟುಬಿಟ್ಟರು. ತೊಡೆಯ ಮೇಲಿಟ್ಟುಕೊಂಡು ಅದರ ಹಿಡಿಯನ್ನು ಬಿಡದೆ ಕೂತೆ. ಅತ್ತ ಇಡೀ ಪಂಕ್ತಿ ಪಾಯಸಕ್ಕೆ ಕಾಯುತ್ತಿತ್ತು.