ಮುಚ್ಚಿದ ಬಾಯಿಗೆ ಮಾತು

ನಮ್ಮ ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ರಾಕ್ಷಸಮ್ಮ ಎಂದೇ ಕರೆಯುವುದು. ಎದುರಿಗೇ ಕರೆಯುತ್ತೇವೆ, ಅವಳೂ ಓಗೊಡುತ್ತಾಳೆ. ನೋಡಿದರೆ ಹಿಡಿಯಷ್ಟು ಆಳು, ಕುರ್ಚಿ ಎಳೆದರೆ ಯಾರಿಗೆ ತೊಂದರೆಯಾದೀತೋ ಎಂದು ಎತ್ತಿಡುವ ಜೀವ. ಮೈಕಿನ ಮುಂದೆ ನಿಂತಳೆಂದರೆ ಮಾತ್ರ ಊರು ಸುಡುತ್ತಾಳೆ, ಸೇತುವೆ ಮುರಿಯುತ್ತಾಳೆ, ಹಾರಾಡುವ ವೀರರನ್ನು ಹಿಡಿದು ಗೋಡೆಗೆ ಅಪ್ಪಳಿಸುತ್ತಾಳೆ. ಹೊರದೇಶದ ಸೂಪರ್‌ಹೀರೋ ಸಿನಿಮಾಗಳು ನಮ್ಮ ಭಾಷೆಗೆ ಬಂದಾಗ ಅವುಗಳ ಕೆಟ್ಟ ಹೆಂಗಸರಿಗೆಲ್ಲ ಅವಳದೇ ಗಂಟಲು. ನಾನು ಗಾಜಿನ ಈಚೆ ಕೂತು ಅದನ್ನು ರೆಕಾರ್ಡ್ ಮಾಡಿಕೊಳ್ಳುವವನು. ನನ್ನ ಕೆಲಸಕ್ಕೆ ಬಾಯಿ ಬೇಕಿಲ್ಲ, ಆದರೂ ಅದು ಸುಮ್ಮನಿರುವುದಿಲ್ಲ ಎಂಬ ದೂರಿದೆ.

ಈ ಸಲ ಬಂದ ಸಿನಿಮಾದಲ್ಲಿ ಖಳರು ಇಬ್ಬರು, ಅಕ್ಕ ಮತ್ತು ತಮ್ಮ. ಅಕ್ಕನಿಗೆ ಇವಳ ಧ್ವನಿ. ತಮ್ಮನಿಗೆ ಇವಳ ಒಡಹುಟ್ಟಿದ ತಮ್ಮನದೇ ಧ್ವನಿ. ನೋಡುವವರು ಆಹಾ ಎಂಥ ಹೊಂದಾಣಿಕೆ ಎನ್ನುತ್ತಾರೆ. ಧ್ವನಿ ಕೊಡುವ ಈ ಅಕ್ಕ ತಮ್ಮ ಮಾತು ಬಿಟ್ಟು ಎಷ್ಟೋ ವರ್ಷಗಳಾದವು ಎಂಬುದು ನಮ್ಮ ಕಟ್ಟಡದ ಗೋಡೆಗಳಿಗಷ್ಟೇ ಗೊತ್ತು.

ಹಿಂದೆಲ್ಲ ಒಂದೇ ಮೈಕಿನ ಮುಂದೆ ಎಲ್ಲರೂ ಒತ್ತಿಕೊಂಡು ನಿಲ್ಲುತ್ತಿದ್ದರು. ಇವಳು ಆಗಿನ್ನೂ ಪುಟ್ಟವನಾಗಿದ್ದ ತಮ್ಮನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಅವನ ಸರದಿ ಬಂದಾಗ ಬೆನ್ನಿಗೆ ಬೆರಳಿನಿಂದ ತಿವಿಯುತ್ತಿದ್ದಳು. ಈಗ ಒಬ್ಬೊಬ್ಬರನ್ನೇ ಬೇರೆ ಬೇರೆ ಹೊತ್ತಿನಲ್ಲಿ ಕರೆಸಿ ರೆಕಾರ್ಡ್ ಮಾಡುತ್ತೇವೆ. ಬೆಳಿಗ್ಗೆ ಅವನು ಬಂದು ಬೈದು ಹೋಗುತ್ತಾನೆ, ಮಧ್ಯಾಹ್ನ ಇವಳು ಬಂದು ಆ ಬೈಗುಳವನ್ನು ಹೆಡ್‌ಫೋನಿನಲ್ಲಿ ಕೇಳಿ ಉತ್ತರ ಕೊಡುತ್ತಾಳೆ. ಮುಖ ನೋಡುವ ಪ್ರಮೇಯವೇ ಇಲ್ಲ. ಮುನಿಸಿಕೊಂಡವರಿಗೆ ಇಷ್ಟು ಅನುಕೂಲದ ಕಸುಬು ಇನ್ನೊಂದಿರಲಾರದು.

ಮುನಿಸಿನ ಕಾರಣ ನನಗೆ ಗೊತ್ತಿತ್ತು. ಅವರಮ್ಮ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದಾಗ ಅವನು ಬೇರೆ ಊರಿನಲ್ಲಿ ಮೊದಲ ಸಲ ನಾಯಕನೊಬ್ಬನಿಗೆ ಧ್ವನಿ ಕೊಡುತ್ತಿದ್ದ. ಇವಳು ತಿಳಿಸಲಿಲ್ಲ. ಕೆಲಸ ಮುಗಿಸಿ ಮನೆಗೆ ಬಂದವನಿಗೆ ಕಂಡದ್ದು ಅಮ್ಮನ ಖಾಲಿ ಮಂಚ. ಹೇಳಬೇಡ ಅಂತ ಅಮ್ಮನೇ ಅಂದಿದ್ದಳು ಎಂದಳು ಇವಳು. ಅವನು ಚೀಲ ಎತ್ತಿಕೊಂಡು ಹೋದವನು ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ.

ಇವಳು ಮಾತ್ರ ತನ್ನ ಹೊತ್ತಿಗಿಂತ ಮೊದಲೇ ಬಂದು ಕೂರುತ್ತಾಳೆ. ಬೆಳಗಿನದು ಹಾಕು ಎನ್ನುತ್ತಾಳೆ. ತನ್ನ ಮಾತೇ ಇಲ್ಲದ ದೃಶ್ಯಗಳನ್ನೂ ಕೇಳಬೇಕು. ಟೇಕಿನ ನಡುವೆ ಅವನು ಕೆಮ್ಮಿದ್ದನ್ನು, ನೀರು ಕುಡಿದದ್ದನ್ನು ನಾನು ಕತ್ತರಿಸಬಾರದು. ಶೀತ ಎದೆಗೆ ಇಳಿದಿದೆ, ಬಿಸಿನೀರು ಕುಡಿಯುತ್ತಾನೋ ಇಲ್ಲವೋ ಎಂದು ನನ್ನ ಮೇಲೆ ಹರಿಹಾಯುತ್ತಾಳೆ. ಅವನ ಗಂಟಲಿಗೆ ನಾನು ಕಾವಲಿದ್ದೇನೆಯೇ ಎಂದು ರೇಗಿಸುತ್ತಿದ್ದೆ. ಒಂದು ದಿನ ಕಣ್ಣು ಮುಚ್ಚಿ ಆ ಕೆಮ್ಮನ್ನೇ ಮತ್ತೆ ಮತ್ತೆ ಕೇಳುತ್ತಿದ್ದುದನ್ನು ನೋಡಿದ ಮೇಲೆ ರೇಗಿಸುವುದನ್ನು ಬಿಟ್ಟೆ.

ಸಿನಿಮಾದ ಕಥೆ ಇಷ್ಟು. ಒಂದು ನಗರ ಆ ಇಬ್ಬರ ಅಪ್ಪನ ಮೇಲೆ ಸುಳ್ಳು ಆರೋಪ ಹೊರಿಸಿ ಕೊಂದಿದೆ. ತಮ್ಮ ಇಡೀ ನಗರವನ್ನೇ ಮುಳುಗಿಸಲು ಹೊರಡುತ್ತಾನೆ. ಅದೇ ನ್ಯಾಯ ಎಂದು ಅವನ ನಂಬಿಕೆ. ಅಕ್ಕನಿಗೆ ನಗರದ ಮೇಲೆ ಅಂಥ ಕೋಪವೇನಿಲ್ಲ. ತಮ್ಮ ತನ್ನ ಕೈ ಬಿಡಬಾರದು, ಅಷ್ಟೇ. ಅದಕ್ಕಾಗಿ ಅವನು ತೋರಿಸಿದವರನ್ನೆಲ್ಲ ಮುಗಿಸುತ್ತಾಳೆ, ಅವನಿಗೂ ಸುಳ್ಳು ಹೇಳುತ್ತಾಳೆ.

ಟೀ ಕುಡಿಯುವಾಗ ನಾನು ತೀರ್ಪು ಕೊಟ್ಟುಬಿಟ್ಟೆ, ಇಬ್ಬರಲ್ಲಿ ಅಕ್ಕನೇ ಕೆಟ್ಟವಳು ಎಂದು. ತಮ್ಮನಿಗಾದರೋ ದ್ವೇಷದಲ್ಲಿ ಕಣ್ಣು ಕಾಣುತ್ತಿಲ್ಲ. ಅಕ್ಕ ತಪ್ಪೆಂದು ಗೊತ್ತಿದ್ದೂ ಮಾಡುತ್ತಾಳೆ.

"ಗೊತ್ತಿರೋಳು ಯಾವತ್ತಾದ್ರೂ ನಿಲ್ಲಿಸಬಹುದು" ಎಂದಳು ರಾಕ್ಷಸಮ್ಮ. "ನಂದೇ ಸರಿ ಅನ್ನೋನು ಯಾಕೆ ನಿಲ್ಲಿಸ್ತಾನೆ?"

"ಮತ್ತೆ ಈ ಅಕ್ಕ ನಿಲ್ಲಿಸಲಿಲ್ವಲ್ಲ?"

ಅವಳು ಆರಿದ ಟೀಯನ್ನು ಹಾಗೇ ಕುಡಿದು ಒಳಗೆ ಹೋದಳು.

ಅಂದು ಇದ್ದದ್ದು ಕೊನೆಯ ದೃಶ್ಯ. ಅಕ್ಕ ಸಾಯುತ್ತಿದ್ದಾಳೆ, ತಮ್ಮ ಅವಳ ಮೇಲೆ ಬಾಗಿದ್ದಾನೆ. ಪರದೆಯ ಮೇಲೆ ಕಾಣುವುದು ಅವನ ಬೆನ್ನು ಮಾತ್ರ. ಬರೆದುಕೊಟ್ಟ ಸಂಭಾಷಣೆಯಲ್ಲಿ ಅಲ್ಲಿ ಬರೀ ಉಸಿರು. ಆದರೆ ಬೆಳಿಗ್ಗೆ ಅವನು ಆ ಉಸಿರಿನ ಜೊತೆ ಯಾರೂ ಬರೆಯದ ಮಾತೊಂದನ್ನು ಆಡಿಬಿಟ್ಟಿದ್ದ. ಬೆನ್ನು ತಿರುಗಿಸಿದವನ ತುಟಿ ಕಾಣುವುದಿಲ್ಲವಾದ್ದರಿಂದ ಏನು ಹೇಳಿದರೂ ಕೂರುತ್ತದೆ. ನಿರ್ದೇಶಕರಿಗೆ ಅದು ಹಿಡಿಸಿತು, ಇರಲಿ ಎಂದರು.

ಮಧ್ಯಾಹ್ನ ಅದು ಇವಳ ಕಿವಿಗೆ ಬಿತ್ತು. "ಅಕ್ಕಾ, ನಂಗೊಂದು ಮಾತು ಹೇಳ್ಬೇಕಿತ್ತು ನೀನು."

ಅವಳು ಹೆಡ್‌ಫೋನ್ ತೆಗೆದು, ಇಲ್ಲಿ ನನಗೂ ಒಂದು ಉತ್ತರ ಕೊಡಿ ಎಂದು ನಿರ್ದೇಶಕರನ್ನು ಬೇಡಿಕೊಂಡಳು. ಆದರೆ ತಮ್ಮನ ಬೆನ್ನು ಸರಿದ ಮರುಕ್ಷಣವೇ ಪರದೆಯ ತುಂಬ ಆ ಅಕ್ಕನ ಮುಖ, ತುಟಿ ಬಿಗಿದಿದೆ. ಮುಚ್ಚಿದ ಬಾಯಿಗೆ ಮಾತು ಕೂರಿಸುವುದು ಹೇಗೆ ಎಂದು ಅವರು ನಕ್ಕು ಫೋನ್ ಹಿಡಿದು ಹೊರಗೆ ಹೋದರು. ನ್ಯಾಯವೇ. ಈ ಕಸುಬಿನಲ್ಲಿ ಹಣ್ಣಾದ ಅವಳಿಗೆ ಅದು ಗೊತ್ತಿರಲಿಲ್ಲವೇ?

ರೆಕಾರ್ಡ್ ಮಾಡು ಎಂದು ನನಗೆ ಕೈಸನ್ನೆ ಮಾಡಿದಳು. ಮಾಡಿದೆ.

"ಅಮ್ಮ ಹೇಳ್ಬೇಡ ಅನ್ನಲಿಲ್ಲ ಕಣೋ. ನೀನೆಲ್ಲಿ ಅಂತ್ಲೇ ಕೇಳ್ತಿದ್ಲು. ಬಾಗಿಲ ಕಡೆನೇ ನೋಡ್ತಿದ್ಲು. ನೀನು ಎದ್ದು ಬಂದ್ರೆ ಆ ಅವಕಾಶ ಇನ್ನೊಬ್ಬನ ಪಾಲಾಗತ್ತೆ ಅಂತ ನಾನೇ ಹೇಳಲಿಲ್ಲ. ತಪ್ಪು ಅಂತ ಆಗಲೇ ಗೊತ್ತಿತ್ತು. ಅಮ್ಮನ ಮೇಲೆ ಹಾಕಿ ತಪ್ಪಿಸ್ಕೊಂಡೆ."

ಹೊರಗೆ ಬಂದು, ಇದನ್ನು ಅವನಿಗೆ ಕೇಳಿಸು ಎಂದಳು. ಕೇಳಿದ ಮೇಲೆ ಅವನು ಈ ಜನ್ಮದಲ್ಲಿ ನಿನ್ನ ಮುಖ ನೋಡಲಾರ ಎಂದೆ. ಹಾಗಾಗಬಹುದು ಎಂದಳು. "ಕೆಮ್ಮು ಕೇಳ್ಕೊಂಡು ಇನ್ನೆಷ್ಟು ದಿನ ಇರ್ಲಿ? ಅವನಿಲ್ದೆ ಆಗ್ತಿಲ್ಲ ನಂಗೆ."

ಮರುದಿನ ಬೆಳಿಗ್ಗೆ ಅವನು ಒಂದೆರಡು ಸಾಲು ತಿದ್ದಲು ಬಂದ. ನಿಮ್ಮಕ್ಕನದು ಎಂದಷ್ಟೇ ಹೇಳಿ ಹೆಡ್‌ಫೋನ್ ಹಾಕಿದೆ. ಅವನ ಮುಖ ನೋಡುವ ಧೈರ್ಯವಾಗದೆ ಯಂತ್ರದ ಗುಂಡಿಗಳ ಧೂಳು ಒರೆಸುತ್ತ ಕೂತೆ. ಇನ್ನೊಮ್ಮೆ ಎಂದು ಬೆರಳು ತಿರುಗಿಸಿದ. ಎರಡನೇ ಸಲ, ಅಮ್ಮ ಬಾಗಿಲ ಕಡೆ ನೋಡುತ್ತಿದ್ದಳು ಎಂಬಲ್ಲಿ ಕೈಯೆತ್ತಿ ನಿಲ್ಲಿಸಿದ. ಹೆಡ್‌ಫೋನ್ ಕಳಚಿಟ್ಟು, ಮಧ್ಯಾಹ್ನ ಬರುತ್ತಾಳಾ ಎಂದು ಕೇಳಿದ. ಇಲ್ಲ, ಅವಳ ಭಾಗ ನಿನ್ನೆಗೇ ಮುಗಿಯಿತು ಎಂದೆ.

"ಈಗೆಲ್ಲಿದ್ದಾಳೆ?"

"ಅದೇ ಹಳೇ ಮನೇಲಿ. ಬೇರೆ ಕಡೆ ಹೋದ್ರೆ ನಿಂಗೆ ಮನೆ ಗೊತ್ತಾಗಲ್ಲ ಅಂತ, ಅಲ್ಲಿಂದ ಅಲ್ಲಾಡಿಲ್ಲ ಅವಳು."

ಅವನು ಸಾಲುಗಳನ್ನು ತಿದ್ದದೆಯೇ ಎದ್ದು ಹೋದ. ಜಗಳಕ್ಕೆ ಹೋದನೋ, ಅಳಲು ಹೋದನೋ, ನನಗೆ ತಿಳಿಯಲಿಲ್ಲ. ಅವಳಿಗೆ ಯಾವುದಾದರೂ ಸಾಕಿತ್ತು.